ಮೀಸಲು ತುಪ್ಪದ ಉಪ್ಪು

ಯಗಟಿಯ ನಮ್ಮ ಮನೆಯಲ್ಲಿ ಮಠದ ದೀಪಕ್ಕೆಂದು ಮೀಸಲಿಟ್ಟ ತುಪ್ಪವನ್ನು ಯಾರೂ ನಾಲಿಗೆಗೆ ಸೋಕಿಸುವಂತಿರಲಿಲ್ಲ. ಅದಕ್ಕೆ ಉಪ್ಪೂ ಬೀಳಬಾರದು. ಎಪ್ಪತ್ತರ ದಶಕದ ಕೊನೆಯ ಮಾತು. ನಾನು ಕಡೂರಿನ ಕಾಲೇಜಿಗೆ ಬಸ್ಸಿನಲ್ಲಿ ಓಡಾಡುತ್ತಿದ್ದೆ. ಆಗಷ್ಟೇ ಮದುವೆಯಾಗಿ ಪಂಚನಹಳ್ಳಿಯಿಂದ ಬಂದಿದ್ದ ಅತ್ತಿಗೆ ಆ ತುಪ್ಪ ಕಾಯಿಸಿದಳು. ಮರಳುಮರಳಾಗಿ ಬರಲೆಂದು, ತವರಿನ ರೂಢಿಯಂತೆ, ವೀಳ್ಯದೆಲೆಯ ಜೊತೆ ನಾಲ್ಕು ಹರಳು ಉಪ್ಪನ್ನೂ ಹಾಕಿ, ಹಾಗೆಂದು ಖುಷಿಯಿಂದ ತಾನೇ ಹೇಳಿದಳು.

ಅಜ್ಜಿ ಕೆಂಡವಾದಳು. ಉಪ್ಪು ಹಾಕಬೇಡವೆಂದು ಮೊದಲೇ ಹೇಳಿದ್ದೆ, ಇವಳು ಬೇಕೆಂದೇ ಹಾಕಿದ್ದಾಳೆ ಎಂದಳು. ತನಗೆ ಯಾರೂ ಹೇಳಿರಲಿಲ್ಲ ಎಂದಳು ಅತ್ತಿಗೆ. ನಮ್ಮಣ್ಣ ಮಹಾಶಯ ಸೂರು ನೋಡುತ್ತ ಕೂತ. ನಾನು ಬೆಳಗಿನಿಂದ ಅಲ್ಲೇ ಇದ್ದವಳು. ಅಜ್ಜಿ ಹೇಳಿದ್ದಳೋ ಇಲ್ಲವೋ, ಎಷ್ಟು ತಿಣುಕಿದರೂ ನೆನಪಾಗದೆ ತಲೆ ಕೆಟ್ಟುಹೋಯಿತು.

ನೆನಪಾಗದ್ದನ್ನು ಬಿಟ್ಟು, ಗೊತ್ತಿದ್ದ ಪಾಠ ಶುರುಮಾಡಿದೆ. ಉಪ್ಪಿನ ಕಣಗಳಲ್ಲಿ ವಿದ್ಯುತ್ತಿನ ಅಂಶವಿದೆ. ನೀರಿನ ಅಣುವಿಗೂ ಒಂದು ಬದಿ ಧನ, ಇನ್ನೊಂದು ಬದಿ ಋಣ, ಅದಕ್ಕೇ ನೀರು ಉಪ್ಪನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ. ತುಪ್ಪಕ್ಕೆ ಆ ಎಳೆತವಿಲ್ಲ, ಅದರಲ್ಲಿ ಉಪ್ಪು ಕರಗುವುದಿಲ್ಲ ಎಂದೆ.

"ಕರಗದಿದ್ರೆ ಹಾಕಿದ್ದು ಎಲ್ಲಿಗೆ ಹೋಯ್ತೇ?" ಎಂದಳು ಅಜ್ಜಿ.

ತಳದಲ್ಲಿದೆ ಎಂದೆ. ಹಾಗಾದರೆ ತುಪ್ಪಕ್ಕೆ ಸೋಕಿಲ್ಲವೇ ಎಂದು ಕೇಳಿದಳು. ಸೋಕಿದೆ, ಸೇರಿಲ್ಲ ಎಂದೆ. ಎರಡಕ್ಕೂ ಏನು ವ್ಯತ್ಯಾಸವೆಂದು ನನಗೇ ಗೊಂದಲವಾಯಿತು.

ಕೊನೆಗೆ, ಉಪ್ಪನ್ನು ನೀರೇ ಎಳೆದುಕೊಳ್ಳಲೆಂದು ನಾನು ಹೇಳಿದಂತೆ, ತುಪ್ಪ ಕರಗಿಸಿ, ಬಿಸಿನೀರು ಸುರಿದು ಚೆನ್ನಾಗಿ ಕಲಕಿ, ಆರಲು ಬಿಟ್ಟೆವು. ತುಪ್ಪ ಮೇಲೆ ಗಟ್ಟಿಯಾದ ಮೇಲೆ ಅಂಚಿನಲ್ಲಿ ತೂತು ಕೊರೆದು ಕೆಳಗಿನ ನೀರು ಬಸಿದೆವು. ತುಪ್ಪದ ರುಚಿ ನೋಡುವಂತಿಲ್ಲ, ನೀರಿನದು ನೋಡಬಹುದಲ್ಲ. ನಾನೇ ಕುಡಿದು ನೋಡಿದೆ, ಮೊದಲ ನೀರು ಉಪ್ಪುಪ್ಪಾಗಿತ್ತು. ಮತ್ತೆ ಸುರಿದು ಬಸಿದದ್ದು ಉಪ್ಪೋ ಸಪ್ಪೆಯೋ ಅನುಮಾನ. ಅದರಾಚೆಯದು ಸಪ್ಪೆ. ಉಳಿದ ತೇವ ಹೋಗಲೆಂದು ಅತ್ತಿಗೆ ತುಪ್ಪವನ್ನು ಇನ್ನೊಮ್ಮೆ ಕಾಯಿಸಿದಳು. ಅಜ್ಜಿ ಸಪ್ಪೆ ನೀರಿನ ಒಂದು ಗುಟುಕು ಕುಡಿದು, ಅತ್ತಿಗೆಯ ಮುಖ ಕೂಡ ನೋಡದೆ, ತುಪ್ಪದ ಪಾತ್ರೆಯನ್ನು ದೇವರ ಗೂಡಿನಲ್ಲಿಟ್ಟಳು.

ಗೆದ್ದೆನೆಂದು ಬೀಗುತ್ತ ನಾನು ಅಡುಗೆಮನೆಗೆ ಹೋದೆ. ಅತ್ತಿಗೆ ಒಲೆಯ ಬೂದಿ ಗೋರುತ್ತಿದ್ದಳು.

"ಉಪ್ಪು ಹೋಯ್ತು ಅಂತ ನೀರು ಕುಡಿದು ಹೇಳ್ಬಿಟ್ಟೆ ನೀನು," ಎಂದಳು. "ನಾನು ಗೊತ್ತಿಲ್ದೆ ಹಾಕ್ದೆ ಅಂತ ಯಾವ ನೀರು ಕುಡಿದು ಹೇಳ್ತೀಯ ಕಣೇ?"

ನನಗೆ ನಾಚಿಕೆಯಾಯಿತು. ಅಜ್ಜಿ ಹೇಳಿದ್ದಳೋ ಇಲ್ಲವೋ, ಇವತ್ತಿಗೂ ನೆನಪಾಗುತ್ತಿಲ್ಲ.