ಶತ್ರು ಯಾರ ಮನೆಯವನು?

ಅರವತ್ತಾರರ ಆ ಮಧ್ಯಾಹ್ನ ನೆನೆದರೆ ಇಂದಿಗೂ ಮೈ ಉರಿಯುತ್ತದೆ. ಉತ್ತರದ ವಾಯುನೆಲೆಯೊಂದರಲ್ಲಿ ಅಣಕು ದಾಳಿಯ ತರಬೇತಿ. ವಿಮಾನ ಕಾಯುವವನು ನಾನು; ಶತ್ರು ಪಾತ್ರದವರು ಬಂದು ಅದಕ್ಕೆ ಚೀಟಿ ಅಂಟಿಸಿದರೆ ಅದು ನಾಶವಾದ ಲೆಕ್ಕ. ಕಾವಲು ತಪ್ಪಿದರೆ ತಂಗಿಯ ಮದುವೆಗೆ ಕೊಟ್ಟ ರಜೆ ರದ್ದು ಎಂದಿದ್ದರು.

ಬಂದ ಅಪರಿಚಿತನಿಗೆ ಬಂದೂಕು ತೋರಿಸಿ ಹಿಂದಿಯಲ್ಲಿ ಗುಪ್ತಪದ ಕೇಳಿದೆ.

“ಈ ಹಿಂದಿ ನಮ್ಮ ಕಡೇದೇ. ಯಾವೂರು ಮಾರಾಯ?”

“ರಿಪ್ಪನ್‌ಪೇಟೆ.”

“ಯಾರ ಮನೆ?”

ಇದಕ್ಕೆ ಉತ್ತರಿಸದಿರುವುದು ನಮ್ಮಲ್ಲಿ ಅಗೌರವ. ಬಂದೂಕು ಇಳಿಸಿ ಹೇಳಿದೆ. ಅವನು ನಿಟ್ಟೂರಿನವನು, ಅವನ ಅತ್ತಿಗೆ ನನಗೆ ದೂರದ ಅಕ್ಕ ಎಂದು ನಾನು ಸಂಬಂಧ ಹುಡುಕುವಷ್ಟರಲ್ಲಿ ಅವನು ವಿಮಾನದ ರೆಕ್ಕೆಯ ಮೇಲೆ ‘ನಾಶವಾಗಿದೆ’ ಎಂಬ ಚೀಟಿ ಅಂಟಿಸಿದ್ದ.

“ಬೇಜಾರ್ ಮಾಡ್ಕೋಬೇಡ ಭಾವ, ಡ್ಯೂಟಿ.”

ನನ್ನ ರಜೆ ಹೋಯಿತು. ಮದುವೆಗೆ ಅವನು ಹೋಗಿದ್ದ. ಮಿಲಿಟರಿಯಿಂದ ಒಬ್ಬನಾದರೂ ಬಂದನಲ್ಲ ಎಂದು ಅಪ್ಪ ಹೆಮ್ಮೆಯಿಂದ ಕಾಗದ ಬರೆದರು.