ಕಾಲರ್ ಮಾತ್ರ ಬಲ್ಲವಳು

ಗಲ್ಫಿನ ಸೆಗಯಾ ಎಂಬಲ್ಲಿದ್ದ ನಮ್ಮ ಟೈಲರ್ ಅಂಗಡಿಗೆ ಆಕೆ ಬಂದದ್ದು ಕಿರ್ಗಿಸ್ತಾನದಿಂದ. ಐವತ್ತು ದಾಟಿದ ಹೆಂಗಸು. ಕಮ್ಯುನಿಸ್ಟರ ಕಾಲದ ದೊಡ್ಡ ಕಾರ್ಖಾನೆಯಲ್ಲಿ ಹೊಲಿದವಳು ಎಂದು ಏಜೆಂಟ್ ಹೊಗಳಿದ್ದ. ಸುಳ್ಳಲ್ಲ. ಆದರೆ ಅಲ್ಲಿ ಒಬ್ಬೊಬ್ಬರಿಗೆ ಒಂದೊಂದೇ ಕೆಲಸ, ಇವಳದ್ದು ಕಾಲರ್. ಆ ಸರ್ಕಾರ ಬಿದ್ದ ಮೇಲೂ ಕೆಲವು ವರ್ಷ ಕುಂಟಿಕೊಂಡು ನಡೆದ ಕಾರ್ಖಾನೆ ಕೊನೆಗೆ ಮುಚ್ಚಿತಂತೆ. ಆಮೇಲೆ ಸಂತೆಯಲ್ಲಿ ಚೀನಾದ ಬಟ್ಟೆ ಮಾರಿ ಬದುಕಿದ್ದಾಳೆ.

ಮೊದಲ ದಿನ ಚಂದದ ಕಾಲರ್ ಹೊಲಿದು, ನೋಡದೆಯೇ ಬಲಗಡೆಗೆ ಸರಿಸಿದಳು. ಅಲ್ಲಿ ಯಾರೂ ಇರಲಿಲ್ಲ. ಕಾಲರ್ ನೆಲಕ್ಕೆ ಬಿತ್ತು.

ನಮ್ಮ ಕಟಿಂಗ್ ಮಾಸ್ಟರ್ ಉಳ್ಳಾಲದ ಬ್ಯಾರಿ. "ಎಂಥದಿದು ಮಾರಾಯ್ತಿ? ಗಿರಾಕಿ ಬರೀ ಕಾಲರ್ ಹಾಕಿಕೊಂಡು ಮನೆಗೆ ಹೋಗುದಾ?" ಎಂದು ನನ್ನ ಕಡೆ ನೋಡಿ ನಕ್ಕರು.

ನನಗೆ ಮೈಯೆಲ್ಲ ಉರಿಯಿತು. "ನಿಮಗೆ ಕತ್ತರಿ ಬಿಟ್ಟು ಬೇರೆ ಎಂತ ಬರ್ತದೆ? ಸುಮ್ಮನೆ ಕೂತ್ಕೊಳ್ಳಿ!" ಎಂದೆ.

ರಂಜಾನ್ ಮುಗಿಯುವುದರೊಳಗೆ ಇಡೀ ಶರ್ಟ್ ಒಬ್ಬಳೇ ಹೊಲಿದು ತೋರಿಸಬೇಕು, ಇಲ್ಲದಿದ್ದರೆ ವೀಸಾ ರದ್ದು ಎಂದು ಮಾಲೀಕ ಹೇಳಿಬಿಟ್ಟ. ಊರಲ್ಲಿ ಅವಳ ಮಗಳು ನರ್ಸಿಂಗ್ ಓದುತ್ತಿದ್ದಳು. ಆ ಓದು ಇವಳ ದುಡಿಮೆಯಿಂದಲೇ ನಡೆಯಬೇಕು. ರಜೆಯ ದಿನವಾದ ಶುಕ್ರವಾರ ಇಗರ್ಜಿಯಿಂದ ಬಂದವಳೇ ನಾನು ಅವಳನ್ನು ಮಿಷನ್ನಿನ ಮುಂದೆ ಕೂರಿಸುತ್ತಿದ್ದೆ. ನಮ್ಮಿಬ್ಬರ ಮಾತು ಅವಳು ಅಂಗಡಿಯಲ್ಲೇ ಕಲಿತ ಹರಕು ಹಿಂದಿಯಲ್ಲಿ. ಜೇಬು ಬಂತು, ಗುಂಡಿಪಟ್ಟಿ ಬಂತು. ತೋಳು ಮಾತ್ರ ಜಪ್ಪಯ್ಯ ಅಂದರೂ ಬರಲಿಲ್ಲ. ಹಿಂದಿನದು ಮುಂದೆ, ಮುಂದಿನದು ಹಿಂದೆ.

ಮಾಲೀಕ ನೋಡಲು ಬಂದ ದಿನವೂ ಹಾಗೇ ಆಯಿತು. ಅವನು ಶರ್ಟ್ ಹಾಕಿ ಕೈ ಎತ್ತಿದ, ಕಂಕುಳಲ್ಲಿ ಜಗ್ಗಿತು. ಮಾಸ್ಟರ್ ಈ ಸಲ ನಗಲಿಲ್ಲ. "ಇನ್ನೊಂದು ತಿಂಗಳು ನೋಡುವ, ಅರ್ಬಾಬ್" ಎಂದು ಹಿಂದಿಯಲ್ಲಿ ಬೇಡಿಕೊಂಡರು. ಮಾಲೀಕ "ಖಲಾಸ್" ಎಂದು ಶರ್ಟ್ ಬಿಚ್ಚಿಟ್ಟು ಹೋದ. ಕೆಟ್ಟವನೇನಲ್ಲ ಅವನು. ಅಂಗಡಿಯೇ ನಡೆಯುತ್ತಿರಲಿಲ್ಲ.

ಎರಡು ದಿನ ಬಿಟ್ಟು ಅವಳು ಊರಿಗೆ ಹೊರಡಲು ಬಟ್ಟೆ ತುಂಬಿಕೊಳ್ಳುವಾಗ ನಾನು ಸಂಕಟ ತಡೆಯಲಾರದೆ ಬೈದುಬಿಟ್ಟೆ. "ಕಾರ್ಖಾನೆಯಲ್ಲಿ ಅಷ್ಟು ವರ್ಷ ನಿನ್ನ ಪಕ್ಕದಲ್ಲೇ ಒಬ್ಬಳು ತೋಳು ಹಚ್ಚುತ್ತಿದ್ದಳಲ್ಲ, ಒಂದು ದಿನವಾದರೂ ತಿರುಗಿ ನೋಡಬಾರದಿತ್ತಾ?"

"ಯಾಕೆ ನೋಡಲಿ? ಅವಳಿದ್ದಳಲ್ಲ."

"ಈಗೆಲ್ಲಿದ್ದಾಳೆ?"

"ಮಾಸ್ಕೋದಲ್ಲಿ ಬೀದಿ ಗುಡಿಸುತ್ತಾಳೆ" ಎಂದಳು. "ನಿನ್ನೆ ಫೋನ್ ಮಾಡಿದ್ದೆ. ನನ್ನ ಮಗಳಿಗೂ ಅಲ್ಲೇ ಗುಡಿಸುವ ಕೆಲಸ ಮಾತಾಡಿದ್ದಾಳೆ."