ಝೆಲಿಗ್‌ನ ಹೆಸರು

ಆಂಟ್ವರ್ಪಿನ ನಮ್ಮ ಯಹೂದಿ ಕೇರಿಯಲ್ಲಿ ಪೆರ್ಲಾ ಝಿಲ್ಬರ್‌ಫಾರ್ಬ್ ಎಂದರೆ ಜಗಳಗಂಟಿ ಎಂದೇ ಲೆಕ್ಕ. ದರ್ಜಿಯ ಅಂಗಡಿಯಲ್ಲಿ ಕಾಜಾ ಹೊಲಿಯುತ್ತಿದ್ದ ಆಕೆ ಮೀನಿನವನಿಂದ ಧರ್ಮಗುರು ರಬ್ಬಿಯವರೆಗೆ ಯಾರನ್ನೂ ಬಿಟ್ಟವರಲ್ಲ. ಒಬ್ಬನೇ ಮಗ ಝೆಲಿಗ್ ನಮ್ಮ ಯುವಸಂಘದ ನಾಯಕನಾಗಿದ್ದ. ಜರ್ಮನ್ನರು ಅವನನ್ನು ಸಾವಿನ ಶಿಬಿರಕ್ಕೆ ಹೋಗುವ ರೈಲಿಗೆ ತುಂಬಿದರು. ಯುದ್ಧ ಮುಗಿಯಿತು, ಅವನು ಬರಲಿಲ್ಲ. ಆದರೂ ಶುಕ್ರವಾರದ ಊಟಕ್ಕೆ ಪೆರ್ಲಾ ಅವನ ತಟ್ಟೆಯನ್ನೂ ಇಡುತ್ತಿದ್ದರು.

ನಮ್ಮ ಸಂಘದಲ್ಲಿ ಒಂದೇ ವಯಸ್ಸಿನ ಮಕ್ಕಳು ಸೇರಿ ತಮ್ಮ ಗುಂಪಿಗೊಂದು ಹೆಸರು ಆರಿಸಿಕೊಳ್ಳುತ್ತಾರೆ. ನಮ್ಮ ಸರದಿ ಬಂದಾಗ ಹೊಸ ನಾಯಕ ಬೆನ್ನೊ, "ಝೆಲಿಗ್ ಅಂತ ಇಡೋಣ, ಒಪ್ಪೋರು ಕೈ ಎತ್ತಿ" ಎಂದ. ಎಲ್ಲರೂ ಎತ್ತಿದೆವು. ನಮ್ಮವರು ಇಡುವುದು ಸತ್ತವರ ಹೆಸರನ್ನು ಮಾತ್ರ. ಬದುಕಿರುವವರ ಹೆಸರಿಟ್ಟರೆ ಅವರ ಆಯುಸ್ಸಿಗೇ ಕುತ್ತು. ಅದು ಗೊತ್ತಿದ್ದೂ ಬೆನ್ನೊ ಕೇಕು ಹಿಡಿದುಕೊಂಡು ಪೆರ್ಲಾಗೆ ಸುದ್ದಿ ಹೇಳಿ ಬಂದ.

ಆಕೆ ಅವನ ಬೆನ್ನಿಗೇ ಸಂಘಕ್ಕೆ ನುಗ್ಗಿ ಬಂದರು. "ಯಾವನೋ ಅವ್ನು, ನನ್ನ ಮಗನ್ನ ಮಣ್ಣು ಮಾಡಿದೋನು?"

"ಗೌರವಕ್ಕೆ ಅಂತ, ಅಮ್ಮಾ..."

"ನಿನ್ನ ಗೌರವಕ್ಕಿಷ್ಟು ಬೆಂಕಿ ಹಾಕ! ನಾಳೆ ಅವ್ನು ಬಂದು ಬಾಗಿಲು ತಟ್ಟಿದ್ರೆ ಏನಂತೀಯಾ? ನಿನ್ನ ಹೆಸ್ರು ಆಗ್ಲೇ ಹಂಚ್ಕೊಂಡ್ಬಿಟ್ವಿ ಅಂತೀಯಾ?"

ನಾವು 'ಕಿಡಿ' ಎಂದು ಹೆಸರಿಟ್ಟುಕೊಂಡು ಸುಮ್ಮನಾದೆವು. ಬೆನ್ನೊ ಸುಮ್ಮನಾಗಲಿಲ್ಲ. ದಾರಿಯಲ್ಲಿ ಸಿಕ್ಕಾಗಲೆಲ್ಲ, "ನೀವು ಒಂದ್ಮಾತು ಹೇಳಿ ಸಾಕು ಅಮ್ಮಾ, ಆ ಹೆಸ್ರು ಇಟ್ಟೇ ಇಡ್ತೀವಿ" ಎಂದು ಆಕೆಯ ಪ್ರಾಣ ತಿನ್ನುತ್ತಿದ್ದ.

ವರ್ಷಗಳು ಕಳೆದವು. ನಾನೂ ಚಿಕ್ಕವರ ಗುಂಪು ನೋಡಿಕೊಳ್ಳುವವಳಾದೆ. ಆ ಗುಂಪು ಹೆಸರು ಆರಿಸಬೇಕಿದ್ದ ಭಾನುವಾರ ಪೆರ್ಲಾ ಸಿನಗಾಗ್‌ಗೆ ಪ್ರಾರ್ಥನೆಗೆ ಹೋಗುವ ಕೋಟು ತೊಟ್ಟು ಬಂದು ನನ್ನ ಗುಂಪಿನ ಮಕ್ಕಳ ಮುಂದೆ ನಿಂತರು. "ನನ್ನ ಮಗ ಝೆಲಿಗ್ ಸತ್ತಿದಾನೆ. ಅವನ ಹೆಸ್ರು ಇಟ್ಕೊಳ್ಳಿ."

ಮಕ್ಕಳು ಆಗಲೇ 'ಅಲೆ' ಎಂಬ ಹೆಸರು ಯೋಚಿಸಿಕೊಂಡಿದ್ದವು. ಝೆಲಿಗ್ ಯಾರೆಂದು ಅವಕ್ಕೇನು ಗೊತ್ತು? ನಾನು ಬೆನ್ನೊನ ಮುಖ ನೋಡಿದೆ. ಆ ಮಹಾನುಭಾವ ಗಂಟಲು ಸರಿಮಾಡಿಕೊಂಡು, "ಮಕ್ಕಳೇ ತೀರ್ಮಾನ ಮಾಡ್ಬೇಕಮ್ಮಾ. ಅದು ನಮ್ಮ ನಿಯಮ" ಎಂದ. ನಿಯಮವಂತೆ! ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಝೆಲಿಗ್‌ಗೆ ಎದ್ದದ್ದು ಮೂರು ಕೈ. ಉಳಿದವೆಲ್ಲ ಅಲೆಗೆ.

ಪೆರ್ಲಾ ಮಕ್ಕಳನ್ನು ಬೈಯಲಿಲ್ಲ. ಬೆನ್ನೊನ ಹತ್ತಿರ ಹೋಗಿ ನಿಂತರು.

"ಸತ್ತ ಅಂತ ನನ್ನ ಬಾಯಿಂದ್ಲೇ ಹೇಳಿಸ್ಬಿಟ್ಯಲ್ಲೋ," ಎಂದರು. "ಅದೂ ದಂಡಕ್ಕೆ."